ಬಜೆಟ್ಟಿನ ಆ ಎರಡು ಸಾಲು: ಅಮೆರಿಕದ ವಿಶ್ವವಿದ್ಯಾಲಯಗಳ ಕನ್ನಡಿಗ ಸಂಶೋಧಕರಿಗೆ ಬಹಿರಂಗ ಪತ್ರ

ಗೆ,
ಅಮೆರಿಕದ ವಿಶ್ವವಿದ್ಯಾಲಯಗಳ ಸಾರ್ವಜನಿಕ ಆರೋಗ್ಯ, ವೈದ್ಯಕೀಯ, ನರ್ಸಿಂಗ್ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿರುವ ಕನ್ನಡಿಗ ಅಧ್ಯಾಪಕರು, ಸಂಶೋಧಕರು ಹಾಗೂ ಅನುದಾನ ಸಮಿತಿಗಳ ಸದಸ್ಯರಿಗೆ

ಮಾನ್ಯರೇ,

ಹಳ್ಳಿಗಾಡಿನ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನರ ಆರೋಗ್ಯ ಸುಧಾರಿಸುತ್ತೇವೆ ಎಂದು ವಿಶ್ವವಿದ್ಯಾಲಯಗಳು ಬರೆಯುವ ಅನುದಾನದ ಅರ್ಜಿಗಳಲ್ಲಿ ‘ಸಮುದಾಯದ ಪಾಲುದಾರಿಕೆ’ ಎಂಬ ಮಾತು ಈಗ ತಪ್ಪುವುದೇ ಇಲ್ಲ. ಹನ್ನೆರಡು ಪುಟದ ವಿವರಣೆಯಲ್ಲಿ ಪುಟಪುಟಕ್ಕೂ ಅದು ಸಿಗುತ್ತದೆ. ಬಜೆಟ್ಟಿನ ಹಾಳೆಗೆ ಬಂದರೆ ಅದೇ ಸಮುದಾಯ ಎರಡು ಸಾಲಿಗೆ ಇಳಿದಿರುತ್ತದೆ: ಸ್ಥಳೀಯ ಸಂಸ್ಥೆಗೊಂದು ಸಣ್ಣ ಉಪಗುತ್ತಿಗೆ, ಭಾಗವಹಿಸಿದವರಿಗೆ ಗಿಫ್ಟ್ ಕಾರ್ಡು. ಈ ಪತ್ರ ಆ ಎರಡು ಸಾಲುಗಳ ಬಗ್ಗೆ.

ಕನ್ನಡದಲ್ಲಿ, ಅದೂ ನಿಮಗೇ ಯಾಕೆ ಎಂದು ಕೇಳಬಹುದು. ನಿಮ್ಮಲ್ಲಿ ಕೆಲವರು ಇಂಥ ಯೋಜನೆಗಳ ಮುಖ್ಯ ಸಂಶೋಧಕರು, ಕೆಲವರು ಅಂಕಿಅಂಶದ ಹೊಣೆ ಹೊತ್ತವರು, ಕೆಲವರು ನೈತಿಕ ಪರಿಶೀಲನಾ ಸಮಿತಿಯಲ್ಲೋ ಎನ್‌ಐಎಚ್ (ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಅರ್ಜಿಗಳಿಗೆ ಅಂಕ ಹಾಕುವ ಸಮಿತಿಯಲ್ಲೋ ಕೂರುವವರು. ಪೆನ್ನು ನಿಮ್ಮ ಕೈಯಲ್ಲಿದೆ. ಅದಲ್ಲದೆ, ಒಂದು ಕಾಗದದ ಅವಧಿ ಮುಗಿಯುವ ಭಯ ಏನೆಂದು ನಿಮ್ಮಲ್ಲಿ ಎಷ್ಟೋ ಮಂದಿಗೆ ಎಚ್-1ಬಿ ಕಲಿಸಿದೆ. ಹೊಲದ ಕೆಲಸಕ್ಕೆ ಬರುವವರದು ಎಚ್-2ಎ. ಒಬ್ಬನೇ ಮಾಲೀಕ, ಒಂದು ಹಂಗಾಮು, ಮಾಲೀಕನೇ ಕೊಟ್ಟ ವಸತಿ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ, ವೀಸಾಕ್ಕೂ ಕುತ್ತು. 2024ರ ಆರ್ಥಿಕ ವರ್ಷದಲ್ಲಿ ಇಂಥ 3.8 ಲಕ್ಷಕ್ಕೂ ಹೆಚ್ಚು ಹುದ್ದೆಗಳಿಗೆ ಅಲ್ಲಿನ ಕಾರ್ಮಿಕ ಇಲಾಖೆ ಒಪ್ಪಿಗೆ ಕೊಟ್ಟಿತು. ಈ ವೀಸಾದವರನ್ನು ಬಿಟ್ಟು ಉಳಿದ ಬೆಳೆಗೂಲಿಗಳನ್ನು ಅದೇ ಇಲಾಖೆ ಸಮೀಕ್ಷೆ ಮಾಡುತ್ತದೆ. ಅದರ ಪ್ರಕಾರ ಹತ್ತಕ್ಕೆ ನಾಲ್ವರಷ್ಟು ಜನರ ಬಳಿ ಕೆಲಸದ ಪರವಾನಗಿಯೇ ಇಲ್ಲ. ಇಂಥವರಿಗೆ ಸಹಿ ಹಾಕಿ, ರಕ್ತ ಕೊಡಿ, ಆರು ತಿಂಗಳ ನಂತರ ಮತ್ತೆ ಬನ್ನಿ ಎನ್ನುವಾಗ ಏನು ಕೇಳುತ್ತಿದ್ದೇವೆ ಎಂಬುದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು, ಸರಿಯಾಗಿ ನಡೆದ ಕೆಲಸ ಹೇಗಿತ್ತು ಎಂಬುದನ್ನು ನೆನಪಿಸುತ್ತೇವೆ. ಟೆಕ್ಸಸ್‌ನ ಸ್ಟಾರ್ ಕೌಂಟಿ ರಿಯೋ ಗ್ರಾಂಡೆ ನದಿಯಂಚಿನ ಬಡ ಗ್ರಾಮೀಣ ಪ್ರದೇಶ. ಬಹುತೇಕ ಎಲ್ಲರೂ ಮೆಕ್ಸಿಕನ್ ಮೂಲದವರು, ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇದೆ. ಟೆಕ್ಸಸ್ ವಿಶ್ವವಿದ್ಯಾಲಯದವರು ಅಲ್ಲಿ 256 ಜನರೊಂದಿಗೆ ನಡೆಸಿದ ಶಿಕ್ಷಣ ಕಾರ್ಯಕ್ರಮದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಟ್ಟು 52 ಗಂಟೆ, ಒಂದು ವರ್ಷ. ಮೊದಲ ಮೂರು ತಿಂಗಳು ವಾರವಾರ ಪಾಠ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಕೂಟ. ಪ್ರತಿ ರೋಗಿಯ ಜೊತೆ ಮನೆಯವರೊಬ್ಬರು ಬರಬೇಕು. ಪಾಠ ಸ್ಪ್ಯಾನಿಷ್‌ನಲ್ಲಿ, ತೋರಿಸುವ ವಿಡಿಯೋ ಆ ಕೌಂಟಿಯಲ್ಲೇ ತೆಗೆದದ್ದು, ಅಡುಗೆಯೂ ಆ ಮನೆಗಳಲ್ಲಿ ಬೇಯುವಂಥದ್ದೇ. ಆರನೇ ತಿಂಗಳಿಗೆ ಕಾರ್ಯಕ್ರಮದಲ್ಲಿದ್ದವರ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ರಕ್ತಪರೀಕ್ಷೆ), ಇನ್ನೂ ಸರದಿಯಲ್ಲಿದ್ದವರಿಗಿಂತ 1.4 ಶೇಕಡಾ ಅಂಶ ಕೆಳಗಿತ್ತು. ಒಂದು ಮಾತ್ರೆಯಿಂದ ಇಷ್ಟು ಇಳಿದರೆ ವೈದ್ಯರು ತೃಪ್ತಿಪಡುತ್ತಾರೆ. ಮುಂದೆ ಅದೇ ತಂಡ 52 ಗಂಟೆಯ ಪಾಠವನ್ನು 22 ಗಂಟೆಯ ಪಾಠದೊಂದಿಗೆ ಹೋಲಿಸಿತು. ಎರಡರಿಂದಲೂ ಉಪಯೋಗವಾಯಿತು, ಆದರೆ ಹೆಚ್ಚು ಹೊತ್ತು ಬಂದು ಕೂತವರಿಗೇ ಹೆಚ್ಚು. ಎರಡು ಶನಿವಾರದ ಶಿಬಿರ, ಒಂದು ಬಣ್ಣದ ಕರಪತ್ರ ಹಾಕಿಕೊಂಡು ‘ಜೀವನಶೈಲಿ ಬದಲಾವಣೆ’ ತರುತ್ತೇವೆ ಎಂದು ಬರೆಯುವವರು ಈ ಗಂಟೆಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

ಉತ್ತರ ಕೆರೊಲಿನಾದಲ್ಲಿ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಸ್ಥಳೀಯ ಸಂಘಟನೆಗಳ ಜೊತೆಗೂಡಿ ಎಚ್‌ಐವಿ ತಡೆಯ ಕೆಲಸಕ್ಕೆ ಹಿಡಿದ ದಾರಿ ಫುಟ್‌ಬಾಲ್. ಊರಿಗೆ ಹೊಸಬರಾದ, ಒಂಟಿಯಾಗಿ ದುಡಿಯುವ ಗಂಡಸರು ಆಸ್ಪತ್ರೆಯ ಕಡೆ ತಲೆಹಾಕದಿದ್ದರೂ ಭಾನುವಾರ ಮೈದಾನಕ್ಕೆ ಬರುತ್ತಿದ್ದರು. ಹಾಗಾಗಿ ಲ್ಯಾಟಿನೋ ಲೀಗ್‌ನ ತಂಡಗಳಿಂದಲೇ ಆಟಗಾರರನ್ನು ಆರಿಸಿ ತರಬೇತಿ ಕೊಟ್ಟು, ‘ನಾವೆಗಾಂತೆ’ ಅಂದರೆ ದಾರಿ ತೋರುವವನು ಎಂದು ಹೆಸರಿಟ್ಟರು. ಕಾಂಡೋಮ್ ಬಳಕೆಯೂ ಎಚ್‌ಐವಿ ಪರೀಕ್ಷೆಯೂ ಹೆಚ್ಚಿದವು. ಕ್ಯಾಂಪಸ್ಸಿನಲ್ಲಿ ಕೂತ ಯಾರಿಗೂ ಮೈದಾನ ಹೊಳೆಯುತ್ತಿರಲಿಲ್ಲ.

ಅದೇ ರಾಜ್ಯದ, ಅದೇ ವಿಶ್ವವಿದ್ಯಾಲಯದ ಇನ್ನೊಂದು ತಂಡದ ಕೆಲಸ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಟ್ಟನೆ ಅರ್ಥವಾದೀತು. ಇಬ್ಬನಿಯಲ್ಲೋ ಮಳೆಯಲ್ಲೋ ನೆಂದ ಹೊಗೆಸೊಪ್ಪು ಕೀಳುವಾಗ ಎಲೆಯ ನಿಕೋಟಿನ್ ನೀರಲ್ಲಿ ಕರಗಿ ಒದ್ದೆ ಬಟ್ಟೆಯ ಮೂಲಕ ಚರ್ಮಕ್ಕೆ ಇಳಿಯುತ್ತದೆ. ತಲೆಸುತ್ತು, ವಾಂತಿ, ತಲೆನೋವು. ಒಂದು ಹಂಗಾಮಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಬರುತ್ತದೆಂದು ಅವರು ಲೆಕ್ಕ ಹಾಕಿದರು. ಚಿಕಿತ್ಸಾಲಯದಲ್ಲಿ ಇದನ್ನು ಬಿಸಿಲಿನ ಹೊಡೆತವೆಂದೋ ಕೀಟನಾಶಕದ ವಿಷವೆಂದೋ ತಪ್ಪು ತಿಳಿಯುವುದು ಸುಲಭ, ಲಕ್ಷಣಗಳು ಅಷ್ಟು ಹತ್ತಿರ. ಮಳೆಯಂಗಿ ಹಾಕಿಸಿ ಎಂದು ಪುಸ್ತಕ ಹೇಳುತ್ತದೆ. ಆದರೆ ಜುಲೈ ಬಿಸಿಲಲ್ಲಿ ಪ್ಲಾಸ್ಟಿಕ್ ಅಂಗಿಯೊಳಗೆ ಮೈ ಬೇಯುತ್ತದೆ, ಅದನ್ನು ಯಾರೂ ಮಧ್ಯಾಹ್ನದವರೆಗೆ ಇಟ್ಟುಕೊಳ್ಳುವುದಿಲ್ಲ. ಎಲೆ ಒಣಗುವವರೆಗೆ ಕಾಯುವುದು, ನೆಂದ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪು ಹಾಕಿ ತೊಳೆಯುವುದು ನಡೆಯುವ ಮಾತು. ಆದರೆ ಕಾಯುವ ಎರಡು ಗಂಟೆಯ ಕೂಲಿ ಯಾರು ಕೊಡುತ್ತಾರೆ? ಈ ಪ್ರಶ್ನೆ ಪ್ರಶ್ನಾವಳಿಗೆ ಬರಬೇಕಾದರೆ ಅದನ್ನು ಸಿದ್ಧಪಡಿಸುವ ಮೇಜಿನಲ್ಲಿ ಸೊಪ್ಪು ಕಿತ್ತವರೇ ಇರಬೇಕು. ಅಂದಹಾಗೆ ನಮ್ಮ ಮೈಸೂರು ಸೀಮೆಯ ವರ್ಜೀನಿಯಾ ಸೊಪ್ಪು ಮಳೆಗಾಲದ ಬೆಳೆ, ಇಲ್ಲಿ ಎಲೆ ನೆನೆಯದ ದಿನವೇ ಕಡಿಮೆ. ಆ ತಂಡದ ಕೆಲಸವನ್ನು ಇತ್ತ ತರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಒಳ್ಳೆಯದು.

ಇನ್ನು ದೂರಿನ ವಿಷಯ.

ಮೊದಲನೆಯದು ದುಡ್ಡು. 2025ರ ಫೆಬ್ರವರಿಯಲ್ಲಿ ಎನ್‌ಐಎಚ್, ಅನುದಾನದ ಮೇಲಿನ ಪರೋಕ್ಷ ವೆಚ್ಚವನ್ನು ಎಲ್ಲರಿಗೂ ಶೇ 15ಕ್ಕೆ ಇಳಿಸುತ್ತೇವೆ ಎಂದಿತು. ಕಟ್ಟಡ, ವಿದ್ಯುತ್ತು, ಲೆಕ್ಕಪತ್ರ, ಸುರಕ್ಷತೆ ಯಾವುದೂ ಇಷ್ಟರಲ್ಲಿ ನಡೆಯುವುದಿಲ್ಲ ಎಂದು ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು, ನ್ಯಾಯಾಲಯ ಆ ಆದೇಶವನ್ನು ತಡೆಯಿತು. ವಾದ ಸರಿಯಾಗಿಯೇ ಇತ್ತು. ಆದರೆ ಶೇ 50ಕ್ಕೂ ಮೇಲೆ ದರ ಪಡೆಯುವ ವಿಶ್ವವಿದ್ಯಾಲಯ, ತನ್ನ ಜೊತೆ ಕೆಲಸ ಮಾಡುವ ಹಳ್ಳಿಯ ಸಂಸ್ಥೆಗೆ ಕೊಡುವ ದರ ಎಷ್ಟು? ಸ್ವಂತ ದರ ನಿಗದಿಯಾಗಿಲ್ಲದ ಸಂಸ್ಥೆಗೆ ಸಿಗುವುದು ಅದೇ ಶೇ 15, 2024ರ ಅಕ್ಟೋಬರಿಗೆ ಮುಂಚೆ ಶೇ 10. ಕ್ಯಾಂಪಸ್ಸಿನಲ್ಲಿ ಖರ್ಚಾದ 100 ಡಾಲರಿಗೆ ವಿಶ್ವವಿದ್ಯಾಲಯ ಇನ್ನೊಂದು 55 ಪಡೆಯುತ್ತದೆ ಎಂದಿಟ್ಟುಕೊಳ್ಳಿ. ಸಂಸ್ಥೆ ತನ್ನ 100ಕ್ಕೆ ಸೇರುವ 15ರಲ್ಲಿ ಕಚೇರಿ ಬಾಡಿಗೆ, ವಾಹನ ವಿಮೆ, ಲೆಕ್ಕಿಗನ ಸಂಬಳ ಎಲ್ಲ ನೋಡಿಕೊಳ್ಳಬೇಕು. ನಿಮಗೆ ಸಾಲದ ದರ ಅವರಿಗೆ ಹೇಗೆ ಸಾಕಾಗುತ್ತದೆ ಎಂಬುದಕ್ಕೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಆ ಹಣವೂ ಕೆಲಸ ಮುಗಿದ ಮೇಲೆ ಬರುತ್ತದೆ. ಸಂಸ್ಥೆ ಮೊದಲು ಖರ್ಚು ಮಾಡಿ, ಬಿಲ್ಲು ಕಳಿಸಿ ಕಾಯಬೇಕು. ಬಿಲ್ಲು ಬಂದ 30 ದಿನಗಳೊಳಗೆ ಪಾವತಿಯಾಗಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮವೇ ಹೇಳುತ್ತದೆ. ಒಪ್ಪಂದದ ಕರಡು ಕಾನೂನು ವಿಭಾಗದಲ್ಲಿ ತಿಂಗಳುಗಟ್ಟಲೆ ಕೂತಿರುವಾಗ ಆ ಮೂವತ್ತು ದಿನದ ಎಣಿಕೆ ಶುರುವಾಗುವುದೇ ಇಲ್ಲ, ಕೆಲಸ ಮಾತ್ರ ಶುರುವಾಗಿರುತ್ತದೆ. ಮುಂಗಡ ಕೊಡಲು ನಿಯಮದಲ್ಲಿ ಅವಕಾಶವಿದೆ. ಅದನ್ನು ಕೇಳುವ ಮುಖ್ಯ ಸಂಶೋಧಕರು ಕಡಿಮೆ.

ಎರಡನೆಯದು ಪ್ರೊಮೊತೊರಾಗಳು. ಕನ್ನಡ ಓದುಗರಿಗೆ ಆಶಾ ಕಾರ್ಯಕರ್ತೆ ಎಂದರೆ ಸಾಕು: ಅದೇ ಊರಿನ, ಅದೇ ಭಾಷೆಯ, ಬಾಗಿಲು ತಟ್ಟಿದರೆ ಒಳಗೆ ಕರೆಯುವಷ್ಟು ಪರಿಚಯದ ಹೆಣ್ಣುಮಗಳು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾಗಳು ಚಳಿಯಲ್ಲಿ ಕೂತದ್ದು ಯಾವುದಕ್ಕೋ ಪ್ರೊಮೊತೊರಾಗಳ ತಕರಾರೂ ಅದೇ: ದುಡಿಮೆಗೆ ತಕ್ಕ ನಿಶ್ಚಿತ ಹಣ ಬೇಕು. ಯೋಜನೆಯ ಯಶಸ್ಸೆಲ್ಲ ಪ್ರೊಮೊತೊರಾ ಮೇಲೆ ನಿಂತಿದೆ ಎಂದು ವರದಿಯಲ್ಲಿ ಬರೆಯುತ್ತಾರೆ. ಕೊಡುವುದು ಗಂಟೆ ಲೆಕ್ಕ, ಪೆಟ್ರೋಲಿಗೂ ಫೋನಿಗೂ ಕೈಯಿಂದಲೇ ಹಾಕಿಕೊಳ್ಳಬೇಕು, ಅನುದಾನದ ಐದನೇ ವರ್ಷ ಮುಗಿದ ದಿನ ಕೆಲಸವೂ ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈನಿಂದ ಸಮುದಾಯ ಆರೋಗ್ಯ ಕಾರ್ಯಕರ್ತರ ಸೇವೆಗೆ ಮೆಡಿ-ಕ್ಯಾಲ್ (ಬಡವರಿಗಾಗಿ ಇರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡುತ್ತದೆ. ಆದರೆ ಅದಕ್ಕೆ ನೋಂದಣಿ, ಮೇಲ್ವಿಚಾರಕ ಸಂಸ್ಥೆ, ಬಿಲ್ಲಿಂಗ್ ಸಂಕೇತಗಳ ತಿಳಿವಳಿಕೆ ಎಲ್ಲ ಬೇಕು. ಸಣ್ಣ ಸಂಸ್ಥೆ ಇದನ್ನು ಒಬ್ಬಂಟಿಯಾಗಿ ಕಟ್ಟಿಕೊಳ್ಳಲಾರದು. ನಿಮ್ಮ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬಿಲ್ಲಿಂಗ್‌ಗೇ ಒಂದು ಇಡೀ ವಿಭಾಗವಿದೆ. ಅಲ್ಲಿಂದ ಒಬ್ಬರನ್ನು ಆರು ತಿಂಗಳು ಕಳಿಸಿದರೆ, ಅನುದಾನ ನಿಂತ ಮೇಲೂ ಪ್ರೊಮೊತೊರಾಳ ಸಂಬಳ ನಿಲ್ಲದಂತೆ ಮಾಡಬಹುದು. ಇನ್ನೊಂದು ಪ್ರಬಂಧಕ್ಕಿಂತ ಇದು ಆ ಊರಿಗೆ ಹೆಚ್ಚು ಉಪಕಾರ.

ಅವರಿಗೆ ಸಂಶೋಧನಾ ನೀತಿಯ ತರಬೇತಿ ಕೊಡುವ ರೀತಿಯೂ ವಿಚಿತ್ರ. ಆರನೇ ತರಗತಿವರೆಗೆ ಓದಿದ ಹೆಣ್ಣುಮಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆಂದು ಬರೆದ ಪಾಠ ಓದಿಸಿ ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಸಮುದಾಯದವರಿಗೆಂದೇ, ಎದುರು ಕೂತು ಕಲಿಸುವ ಪಠ್ಯವನ್ನು ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯ ಎಂದೋ ಸಿದ್ಧಪಡಿಸಿದೆ. ನಿಮ್ಮ ನೈತಿಕ ಪರಿಶೀಲನಾ ಸಮಿತಿ ಅದನ್ನು ಒಪ್ಪಿದರೆ ಸಾಕು.

ಮೂರನೆಯದು ಭಾಷೆ. ಸ್ಪ್ಯಾನಿಷ್ ಅನುವಾದ ಮಾಡಿಸಿದೆವು, ಆಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಮೆಕ್ಸಿಕೊದ ವಹಾಕಾ, ಗೆರೆರೊ ಕಡೆಯಿಂದ ಬಂದ ಎಷ್ಟೋ ಕೂಲಿಗಳ ಮನೆಮಾತು ಮಿಸ್ತೆಕೊ, ತ್ರಿಕಿ ಅಥವಾ ಸಪೊತೆಕೊ. ಲಂಬಾಣಿ ತಾಂಡಾದ ಅಜ್ಜಿಗೆ ಬೆಂಗಳೂರಿನ ಕಚೇರಿ ಕನ್ನಡದ ನಮೂನೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗಾಗುತ್ತದೆ. ಮಿಸ್ತೆಕೊದಲ್ಲೇ ಒಂದು ಊರಿನವರ ಮಾತು ಇನ್ನೊಂದು ಊರಿನವರಿಗೆ ಪೂರ್ತಿ ತಿಳಿಯದಷ್ಟು ಪ್ರಭೇದಗಳಿವೆ, ಓದುಬರಹದ ರೂಢಿಯೂ ಕಡಿಮೆ. ಆದ್ದರಿಂದ ಲಿಖಿತ ಅನುವಾದಕ್ಕೆ ಸುರಿಯುವ ಹಣ ವ್ಯರ್ಥ. ಒಪ್ಪಿಗೆಯ ವಿವರವನ್ನು ಆ ಪ್ರಭೇದ ಆಡುವವರಿಂದಲೇ ಧ್ವನಿಮುದ್ರಿಸಿ ಕೇಳಿಸುವುದು ಸರಿಯಾದ ದಾರಿ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಸುತ್ತಮುತ್ತ ಮಿಸ್ತೆಕೊ ಜನರದ್ದೇ ಸಂಘಟನೆ 2001ರಿಂದ ಕೆಲಸ ಮಾಡುತ್ತಿದೆ, ಅಲ್ಲಿ ವಿಚಾರಿಸಿದರೆ ಆಗುವ ಕೆಲಸ ಇದು. ಪದಗಳ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ರೈತರು ‘ಔಷಧಿ ಹೊಡೆಯೋದು’ ಎನ್ನುವಂತೆ ಅಲ್ಲಿನ ಕೆಲವು ಕೂಲಿಗಳೂ ಕೀಟನಾಶಕವನ್ನು ‘ರೆಮೆದಿಯೊ’ ಅಂದರೆ ಮದ್ದು ಎನ್ನುವುದುಂಟು. ಮದ್ದಿಗೆ ಹೆದರಬೇಕೆಂದು ಯಾರಿಗೆ ಅನ್ನಿಸುತ್ತದೆ?

ಸಹಿಯ ವಿಷಯ ಬೇರೆ. 2018ರ ಪರಿಷ್ಕೃತ ಕೇಂದ್ರ ನಿಯಮದಲ್ಲಿ ಸಹಿ ಇಲ್ಲದೆ ಬಾಯಿಮಾತಿನ ಒಪ್ಪಿಗೆ ಪಡೆಯಲು ಅವಕಾಶವಿದೆ. ಭಾಗವಹಿಸಿದವರನ್ನು ಅಧ್ಯಯನಕ್ಕೆ ಜೋಡಿಸುವ ಏಕೈಕ ದಾಖಲೆ ಆ ಸಹಿಯೇ ಆಗಿದ್ದು, ಗುಟ್ಟು ರಟ್ಟಾಗುವುದೇ ಮುಖ್ಯ ಅಪಾಯವಾಗಿದ್ದರೆ ಅದು ಸಾಧ್ಯ. ಸಹಿ ಹಾಕುವ ರೂಢಿಯೇ ಇಲ್ಲದ ಸಮುದಾಯಕ್ಕೂ, ಅಪಾಯ ತೀರಾ ಕಡಿಮೆ ಇದ್ದಾಗ, ಅದು ಅನ್ವಯಿಸುತ್ತದೆ. 2017ರ ಅಕ್ಟೋಬರಿನಿಂದ ಎನ್‌ಐಎಚ್ ಹಣದ ಅಧ್ಯಯನಗಳಿಗೆ ಭಾಗವಹಿಸಿದವರ ಗುರುತು ಹೊರಬೀಳದಂತೆ ಕಾಯುವ ಗೋಪ್ಯತೆಯ ಪ್ರಮಾಣಪತ್ರ ತಾನಾಗಿಯೇ ಸಿಗುತ್ತದೆ. ಆದರೆ ಆ ರಕ್ಷಣೆ ಸಂಶೋಧನೆಯ ದಾಖಲೆಗೆ ಮಾತ್ರ. ಚಿಕಿತ್ಸಾಲಯದ ಕಡತಕ್ಕೆ ಅದು ಇಲ್ಲ, ಗಿಫ್ಟ್ ಕಾರ್ಡ್ ಕೊಟ್ಟಾಗ ಲೆಕ್ಕಪತ್ರ ವಿಭಾಗ ಬರೆದಿಟ್ಟುಕೊಂಡ ಹೆಸರಿನ ಪಟ್ಟಿಯ ಬಗ್ಗೆ ನಿಮ್ಮ ಕಾನೂನು ವಿಭಾಗವನ್ನೇ ಕೇಳಿ. ತೆರಿಗೆ ಕಾನೂನು ಕೇಳುವುದಕ್ಕಿಂತ ಎಷ್ಟೋ ಕಡಿಮೆ ಮೊತ್ತಕ್ಕೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಲ್ಲಿನ ಸರ್ಕಾರಿ ಗುರುತು ಸಂಖ್ಯೆ) ಕೇಳುವ ವಿಭಾಗಗಳಿವೆ. ಆ ಒಂದು ಖಾಲಿ ಚೌಕ ನೋಡಿಯೇ ಜನ ಎದ್ದು ಹೋಗುತ್ತಾರೆ. ಆಮೇಲೆ ‘ಈ ಜನರನ್ನು ತಲುಪುವುದು ಕಷ್ಟ’ ಎಂದು ಪ್ರಬಂಧದಲ್ಲಿ ಬರೆಯುತ್ತಾರೆ. ಆಸ್ಪತ್ರೆ, ಶಾಲೆಗಳ ಬಳಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಇದ್ದ ಕಟ್ಟುಪಾಡನ್ನು ಸರ್ಕಾರ 2025ರ ಜನವರಿಯಲ್ಲಿ ಹಿಂತೆಗೆದುಕೊಂಡ ಮೇಲಂತೂ, ವಲಸೆ ಸ್ಥಿತಿ, ಮನೆಯ ಜಿಪಿಎಸ್ ಗುರುತು ಇಂಥ ಅಗತ್ಯವಿಲ್ಲದ ಮಾಹಿತಿಯನ್ನು ಕೇಳದಿರುವುದೇ ಒಳ್ಳೆಯ ರಕ್ಷಣೆ. ಸಂಗ್ರಹಿಸದ ಮಾಹಿತಿಯನ್ನು ಯಾರೂ ಕಿತ್ತುಕೊಳ್ಳಲಾರರು.

ನಾಲ್ಕನೆಯದು, ತೆಗೆದುಕೊಂಡದ್ದನ್ನು ಹಿಂತಿರುಗಿಸುವುದು. ಫ್ಲಾರಿಡಾದಲ್ಲಿ ಎಮೊರಿ ವಿಶ್ವವಿದ್ಯಾಲಯ ಅಲ್ಲಿನ ಕೃಷಿ ಕಾರ್ಮಿಕರ ಸಂಘದೊಂದಿಗೆ ನಡೆಸಿದ ‘ಹಿರಾಸೋಲೆಸ್’ (ಸೂರ್ಯಕಾಂತಿ) ಅಧ್ಯಯನದಲ್ಲಿ ಕೂಲಿಗಳು ದೇಹದೊಳಗಿನ ಶಾಖ ಅಳೆಯುವ ಗುಳಿಗೆಯನ್ನೇ ನುಂಗಿ ಹೊಲಕ್ಕಿಳಿದರು. ಅಪರಿಚಿತರು ಕೊಟ್ಟಿದ್ದರೆ ಯಾರು ನುಂಗುತ್ತಿದ್ದರು? ರಕ್ತ ಪರೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗೆ ಒಂದು ದಿನವಾದರೂ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬಿದ್ದಿತ್ತು. ಕ್ಯಾಲಿಫೋರ್ನಿಯಾದಲ್ಲಿ 2005ರಿಂದಲೇ ನೆರಳು, ಗಂಟೆಗೆ ಸುಮಾರು ಒಂದು ಲೀಟರ್ ನೀರು, ವಿರಾಮ ಕಡ್ಡಾಯ. ಫ್ಲಾರಿಡಾ 2024ರಲ್ಲಿ ಮಾಡಿದ ಕಾನೂನು, ಸ್ಥಳೀಯ ಆಡಳಿತಗಳು ಇಂಥ ನಿಯಮ ತರುವುದನ್ನೇ ತಡೆಯಿತು. ಪುರಾವೆ ಕೊಟ್ಟವರು ಕೂಲಿಗಳು. ಶಾಸಕರ ಮುಂದೆ ಅದನ್ನು ಹಿಡಿಯುವ ಕೆಲಸದಲ್ಲಿ ವಿಶ್ವವಿದ್ಯಾಲಯಗಳ ದನಿ ಇನ್ನೂ ಗಟ್ಟಿಯಾಗಿರಬೇಕು.

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯದು ಇದಕ್ಕೆ ಎದುರು ನಿದರ್ಶನ. ಬರ್ಕ್ಲಿಯ ಸಂಶೋಧಕರು 1999-2000ರಲ್ಲಿ ಅಲ್ಲಿನ 601 ಗರ್ಭಿಣಿಯರನ್ನು ಸೇರಿಸಿಕೊಂಡು ‘ಚಮಾಕೋಸ್’ ಅಧ್ಯಯನ ಆರಂಭಿಸಿದರು. ಆರ್ಗನೋಫಾಸ್ಫೇಟ್ ಕೀಟನಾಶಕ ಗರ್ಭದಲ್ಲೇ ಅತಿ ಹೆಚ್ಚು ಸೋಕಿದ ಮಕ್ಕಳ ಬುದ್ಧಿಮತ್ತೆಯ ಅಂಕ ಏಳನೇ ವಯಸ್ಸಿಗೆ, ಅತಿ ಕಡಿಮೆ ಸೋಕಿದವರಿಗಿಂತ ಸುಮಾರು 7 ಕಡಿಮೆ ಎಂದು 2011ರಲ್ಲಿ ಪ್ರಕಟಿಸಿದರು. 2020ರಲ್ಲಿ ಕ್ಯಾಲಿಫೋರ್ನಿಯಾ ಅದೇ ಗುಂಪಿನ ಕ್ಲೋರ್‌ಪೈರಿಫಾಸ್ ಮಾರಾಟ ನಿಲ್ಲಿಸಿತು. (ನಮ್ಮೂರ ಅಂಗಡಿಗಳಲ್ಲಿ ಗೆದ್ದಲಿಗೆಂದು ಅದು ಈಗಲೂ ಸಿಗುತ್ತದೆ.) ಆ ಮಕ್ಕಳ ಪೀಳಿಗೆಯನ್ನೇ ಸಂಶೋಧಕರನ್ನಾಗಿಸಿದ್ದೂ ಉಂಟು. 100 ಹುಡುಗಿಯರು ಮೂರು ದಿನ ಬೇರೆ ಸೌಂದರ್ಯ ಸಾಮಗ್ರಿ ಬಳಸಿದರೆ ಮೂತ್ರದಲ್ಲಿ ಪ್ಯಾರಾಬೆನ್ (ಅಂಥ ಸಾಮಗ್ರಿ ಕೆಡದಂತೆ ಬೆರೆಸುವ ರಾಸಾಯನಿಕ) ಶೇ 45ರ ಆಸುಪಾಸು ಇಳಿಯುತ್ತದೆ ಎಂದು 2016ರಲ್ಲಿ ತೋರಿಸಿದ ಅಧ್ಯಯನವನ್ನು ನಡೆಸಿದವರಲ್ಲಿ ಊರಿನ ಹದಿಹರೆಯದವರಿದ್ದರು. ಮೊದಲ ಗರ್ಭಿಣಿಯಿಂದ ಆ ನಿಷೇಧದವರೆಗೆ ಇಪ್ಪತ್ತು ವರ್ಷ. ಐದು ವರ್ಷದ ಅನುದಾನ ನಾಲ್ಕು ಬಾರಿ ಮುಗಿಯುವಷ್ಟು ಕಾಲ.

ಇಷ್ಟೆಲ್ಲ ಆಗದಿದ್ದರೂ ಅಂದಿನ ಫಲಿತಾಂಶ ಅಂದೇ ಹೇಳಬಹುದು. ಶಿಬಿರದಲ್ಲಿ ಒಬ್ಬನ ರಕ್ತದೊತ್ತಡ 180/120 ಬಂದರೆ ಮುಂದೇನು ಎಂಬುದು ಮೊದಲ ಸೂಜಿ ಚುಚ್ಚುವ ಮುನ್ನವೇ ಬರೆದಿರಬೇಕು: ಯಾವ ಚಿಕಿತ್ಸಾಲಯ, ಯಾರು ಕರೆದೊಯ್ಯುತ್ತಾರೆ, ಯಾರ ಖರ್ಚು. 1962ರ ಕಾನೂನಿನಿಂದ ಹುಟ್ಟಿದ ವಲಸೆ ಕಾರ್ಮಿಕರ ಆರೋಗ್ಯ ಕೇಂದ್ರಗಳಲ್ಲಿ ಆದಾಯಕ್ಕೆ ತಕ್ಕ ಶುಲ್ಕವಿದೆ, ಆದರೆ ಐದು ಗಂಟೆಗೆ ಬಾಗಿಲು ಹಾಕುವ ಕೇಂದ್ರ ಹೊಲದಿಂದ ಬರುವವನಿಗೆ ಇದ್ದೂ ಇಲ್ಲದಂತೆ. ಸಂಜೆ ಪಾಳಿಯ ಒಬ್ಬ ನರ್ಸಿನ ಸಂಬಳವನ್ನು ಬಜೆಟ್ಟಿಗೆ ಹಾಕಿ.

ಅಂಕಿಅಂಶದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಸಲೀನಾಸ್‌ನ ಲೆಟ್ಯೂಸ್ ಕೆಲಸ ನವೆಂಬರಿನಲ್ಲಿ ಅರಿಜೋನದ ಯೂಮಾಕ್ಕೆ ಹೊರಡುತ್ತದೆ, ವಸಂತದಲ್ಲಿ ಮರಳುತ್ತದೆ; ಜನವೂ ಅದರ ಹಿಂದೆಯೇ. ಮೇ ತಿಂಗಳಲ್ಲಿ ಸೇರಿಸಿಕೊಂಡು ಆರು ತಿಂಗಳಿಗೆ ಮರುಭೇಟಿ ಇಟ್ಟರೆ ಅರ್ಧ ಜನ ಸಿಗದಿದ್ದರೆ ಆಶ್ಚರ್ಯವೇನು? ಅದನ್ನು ‘ಕೈಬಿಟ್ಟವರು’ ಎಂದು ಬರೆದು ಸೂತ್ರದಿಂದ ತುಂಬಿಸಿದರೆ, ಹೆಚ್ಚು ಅಲೆಯುವವರೇ ಹೆಚ್ಚು ಕಾಯಿಲೆಯವರೂ ಆಗಿರಬಹುದೆಂಬುದು ಮರೆಯಾಗುತ್ತದೆ. ಮರುಭೇಟಿಯನ್ನು ಹನ್ನೆರಡನೇ ತಿಂಗಳಿಗಿಡಿ, ಇಲ್ಲವೇ ಯೂಮಾದ ಸಂಘಟನೆಯೊಂದನ್ನೂ ಪಾಲುದಾರರನ್ನಾಗಿ ಮಾಡಿಕೊಳ್ಳಿ. ಪ್ರೀಪೇಯ್ಡ್ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ. ವಾಟ್ಸಾಪ್ ಸಂಖ್ಯೆಯ ಜೊತೆಗೆ, ಅವರು ಒಪ್ಪಿದರೆ, ಊರಲ್ಲಿರುವ ಇಬ್ಬರು ಸಂಬಂಧಿಕರ ಸಂಪರ್ಕ ಪಡೆಯಿರಿ.

ನಮ್ಮ ಕೋರಿಕೆಗಳನ್ನು ಆಯಾ ದೂರಿನ ಜೊತೆಯಲ್ಲೇ ಹೇಳಿದ್ದೇವೆ. ಅರ್ಜಿಗಳಿಗೆ ಅಂಕ ಹಾಕುವವರಲ್ಲಿ ಇನ್ನೆರಡು ಬೇಡಿಕೆ ಇದೆ. ಪಾಲುದಾರಿಕೆ ಎಂದು ಬರೆದ ಅರ್ಜಿ ಬಂದಾಗ, ಒಟ್ಟು ಮೊತ್ತದಲ್ಲಿ ಎಷ್ಟು ಪಾಲು ಕ್ಯಾಂಪಸ್ಸಿನ ಹೊರಗೆ ಹೋಗುತ್ತದೆ, ಮಾಹಿತಿ ಯಾರ ಬಳಿ ಉಳಿಯುತ್ತದೆ ಎಂದು ಕೇಳಿ, ಉತ್ತರ ಸಿಗದಿದ್ದರೆ ಅಂಕ ಕಡಿಮೆ ಮಾಡಿ. ರಕ್ತ, ಮೂತ್ರದ ಮಾದರಿಗಳನ್ನು ಹೊಸ ಉದ್ದೇಶಕ್ಕೆ ಬಳಸುವ ಮುನ್ನ ಸಮುದಾಯದ ಸಮಿತಿಯ ಒಪ್ಪಿಗೆ ಬೇಕೆಂಬುದು ಒಪ್ಪಂದದಲ್ಲೇ ಲಿಖಿತವಾಗಿರಲಿ.

ಕೊನೆಯದಾಗಿ ಪಂಚಾಂಗ. ಎನ್‌ಐಎಚ್‌ನ ಪ್ರಮುಖ ಅನುದಾನಕ್ಕೆ ಹೊಸ ಅರ್ಜಿಯ ಗಡುವು ಫೆಬ್ರವರಿ, ಜೂನ್, ಅಕ್ಟೋಬರ್ ತಿಂಗಳ 5ನೇ ತಾರೀಕು. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಜೂನ್ ಎಂದರೆ ಚೆರ್ರಿ, ಆಗಸ್ಟಿನಿಂದ ಅಕ್ಟೋಬರಿನವರೆಗೆ ಸೇಬು. ಬೆಂಬಲ ಪತ್ರ ಕೊಡಿ ಎಂಬ ಇಮೇಲ್ ಅಲ್ಲಿನ ಸಂಘಟನೆಗಳಿಗೆ ಬರುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ, ನಾಲ್ಕು ದಿನದ ಗಡುವಿನೊಂದಿಗೆ, ಕರಡು ಮೊದಲೇ ಸಿದ್ಧವಾಗಿ. ಅಕ್ಟೋಬರಿನ ಅರ್ಜಿಯ ಮಾತುಕತೆಗೆ ಜನವರಿಯಲ್ಲೇ ಹೋಗಿ. ಆಗ ಕೊಯ್ಲಿರುವುದಿಲ್ಲ, ಬೇಗ ಕತ್ತಲಾಗುತ್ತದೆ, ಜನ ಮನೆಯಲ್ಲಿ ಸಿಗುತ್ತಾರೆ. ಹೋಗುವಾಗ ಬಜೆಟ್ಟಿನ ಖಾಲಿ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಇಂತಿ,
ಗ್ರಾಮೀಣ ಆರೋಗ್ಯದ ಕೆಲಸ ಬಲ್ಲ ಕೆಲವು ಕನ್ನಡಿಗರು